ಫಾರ್ಮಕೋಜೆನೋಮಿಕ್ಸ್ ಓದಿದ ಮೇಲೆ ಆಸ್ಪತ್ರೆಯ ಫಾರ್ಮಕೊವಿಜಿಲೆನ್ಸ್ ಹುದ್ದೆ ಒಪ್ಪಿಕೊಳ್ಳಬಹುದೇ?

ಪಿಎಚ್.ಡಿ. ಮಾಡಲೇ, ವಿದೇಶಕ್ಕೆ ಹೋಗಲೇ ಎಂದು ಕೇಳಿದ ಮೇಲೆ, ಕೈಗೆ ಬಂದಿರುವ ಫಾರ್ಮಕೊವಿಜಿಲೆನ್ಸ್ (ಔಷಧಗಳ ಅಡ್ಡಪರಿಣಾಮಗಳ ಮೇಲೆ ನಿಗಾ ಇಡುವ) ಕೆಲಸ ಒಪ್ಪಿಕೊಂಡರೆ ಫಾರ್ಮಕೋಜೆನೋಮಿಕ್ಸ್, ಅಂದರೆ ಜೀನುಗಳಿಗೆ ತಕ್ಕಂತೆ ಔಷಧದ ಪರಿಣಾಮ ಬದಲಾಗುವುದನ್ನು ಓದುವ ಕ್ಷೇತ್ರದಿಂದಲೇ ದೂರವಾಗುವ ಭಯವಿದೆ ಎಂದು ಬರೆದಿದ್ದೀರಿ. ಇದೇ ಭಯದಿಂದ ನಾನು ಅಂಥದೇ ಕೆಲಸವನ್ನು ಬಿಟ್ಟುಕೊಟ್ಟಿದ್ದೆ.

ಎಂ.ಫಾರ್ಮ್ ಮುಗಿದ ಹೊಸತರಲ್ಲಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ವಾರ್ಡುಗಳಿಗೆ ಹೋಗಿ ಔಷಧಗಳ ಅಡ್ಡಪರಿಣಾಮಗಳನ್ನು ದಾಖಲಿಸುವ ಹುದ್ದೆ ಸಿಕ್ಕಿತ್ತು. ಜೀನೋಮ್ ಓದಿದವಳಿಗೆ ಫಾರಂ ತುಂಬುವ ಕೆಲಸವೇಕೆ ಎಂದುಕೊಂಡು ಅದನ್ನು ನಿರಾಕರಿಸಿ, ಮನೆಯಲ್ಲಿ ಕುಳಿತು ಸೀಕ್ವೆನ್ಸಿಂಗ್ ದತ್ತಾಂಶದ ವಿಶ್ಲೇಷಣೆ ಕಲಿತೆ. ಬಳಿಕ ಜೆನೆಟಿಕ್ ಪರೀಕ್ಷೆ ನಡೆಸುವ ಲ್ಯಾಬ್ ಒಂದರ ಸಂದರ್ಶನದಲ್ಲಿ ನನ್ನ ಮುಂದೆ ಒಂದು ಹಾಳೆ ಇಟ್ಟರು: ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡ ರೋಗಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಮಾತ್ರೆ, ಸಿವೈಪಿ2ಸಿ19 ಜೀನಿನ ಎರಡೂ ಪ್ರತಿಗಳಲ್ಲಿ ಅದನ್ನು ನಿಷ್ಕ್ರಿಯಗೊಳಿಸುವ ಸ್ಟಾರ್ 2 ರೂಪಾಂತರ. ಕ್ಲೋಪಿಡೋಗ್ರೆಲ್ ಕೆಲಸ ಮಾಡಬೇಕಾದರೆ ಈ ಜೀನು ತಯಾರಿಸುವ ಯಕೃತ್ತಿನ ಕಿಣ್ವ ಅದನ್ನು ಸಕ್ರಿಯಗೊಳಿಸಬೇಕು, ಇಂಥವರಲ್ಲಿ ಅದು ಸರಿಯಾಗಿ ಆಗುವುದಿಲ್ಲ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೇ ಈ ಬಗ್ಗೆ ಎಚ್ಚರಿಸಿದೆ ಎಂದೆಲ್ಲ ವಿವರಿಸಿದೆ. ಹಾಗಾದರೆ ವೈದ್ಯರಿಗೆ ಏನೆಂದು ಬರೆಯುತ್ತೀರಿ ಎಂದು ಕೇಳಿದಾಗ, ಅದೇ ಕೆಲಸ ಮಾಡುವ ಇನ್ನೊಂದು ಔಷಧ ಪ್ರಸುಗ್ರೆಲ್ ಎಂದೆ. ಅವರು ಹಾಳೆಯ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. ರೋಗಿಗೆ ಹಿಂದೆ ಪಾರ್ಶ್ವವಾಯು ಆಗಿತ್ತು. ಅಂಥವರಿಗೆ ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿರುವುದರಿಂದ ಪ್ರಸುಗ್ರೆಲ್ ಕೊಡಲೇಬಾರದು. ನಾನು ಅಂಥದೇ ಮತ್ತೊಂದು ಔಷಧವಾದ ಟಿಕಾಗ್ರೆಲರ್ ಬಗ್ಗೆ ಯೋಚಿಸಬೇಕಿತ್ತು. ಆ ಕೆಲಸ ಸಿಗಲಿಲ್ಲ.

ಪ್ರಸುಗ್ರೆಲ್‌ನ ನಿಷೇಧ ನೆನಪಿಗೆ ಬಾರದಿದ್ದುದು ಅಷ್ಟು ದೊಡ್ಡ ವಿಷಯವಲ್ಲ, ಪುಸ್ತಕ ತೆಗೆದರೆ ಅದು ಸಿಗುತ್ತದೆ. ನಾನು ಜೀನಿನ ಸಾಲನ್ನು ಓದಿ ಅಲ್ಲಿಗೇ ನಿಂತೆ ಎನ್ನುವುದೇ ನನ್ನ ತಪ್ಪು. ವಾರ್ಡಿನಲ್ಲಿ ಒಂದಷ್ಟು ಕಾಲ ಕೇಸ್ ಶೀಟ್ ಓದಿದವರ ಕಣ್ಣು ತಾನಾಗಿಯೇ ಹಿಂದಿನ ಕಾಯಿಲೆಗಳಿಗೆ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್‌ಗೆ, ಜೊತೆಯಲ್ಲಿ ನುಂಗುತ್ತಿರುವ ಮಾತ್ರೆಗಳಿಗೆ ಹೋಗುತ್ತದೆ. ಗ್ಯಾಸ್ಟ್ರಿಕ್‌ಗೆಂದು ದಿನವೂ ಒಮೆಪ್ರಜೋಲ್ ತೆಗೆದುಕೊಳ್ಳುವವರಲ್ಲಿ, ಜೀನು ಸರಿಯಾಗಿದ್ದರೂ ಅದೇ ಸಿವೈಪಿ2ಸಿ19 ಕಿಣ್ವದ ಕೆಲಸ ಕುಂದುತ್ತದೆ. ಜೀನ್ ವರದಿಯಲ್ಲಿ ಇದು ಕಾಣುವುದಿಲ್ಲ, ಮಾತ್ರೆಗಳ ಪಟ್ಟಿಯಲ್ಲಿ ಕಾಣುತ್ತದೆ. ಎಂಥ ಕೋರ್ಸು ಮಾಡಿದರೂ ಈ ಅಭ್ಯಾಸ ಮನೆಯಲ್ಲಿ ಕುಳಿತು ಬರುವಂಥದ್ದಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಫಾರ್ಮಕೋಜೆನೋಮಿಕ್ಸ್ ಎಂಬ ಹೆಸರಿನ ಹುದ್ದೆ ನಮ್ಮಲ್ಲಿ ವಿರಳ. ಲ್ಯಾಬಿನಲ್ಲಿ ವರದಿ ಬರೆಯುವವರು, ಕ್ಲಿನಿಕಲ್ ಫಾರ್ಮಸಿಸ್ಟರು, ಜೆನೆಟಿಕ್ ಕೌನ್ಸೆಲರುಗಳು, ಔಷಧ ಕಂಪನಿಗಳ ಸುರಕ್ಷತಾ ವಿಭಾಗದವರು ಆ ಕೆಲಸವನ್ನು ಬೇರೆ ಬೇರೆ ಹೆಸರಿನಲ್ಲಿ ಮಾಡುತ್ತಿದ್ದಾರೆ. ನೀವು ಹಗುರವಾಗಿ ಕಂಡಿರುವ ಫಾರ್ಮಕೊವಿಜಿಲೆನ್ಸ್ ಇದರ ಹೊಸ್ತಿಲಲ್ಲೇ ಇದೆ. ಅಪಸ್ಮಾರಕ್ಕೆ ಕಾರ್ಬಮಜೆಪೈನ್ ತೆಗೆದುಕೊಂಡ ರೋಗಿಯ ಬಾಯಿ, ಕಣ್ಣುಗಳಲ್ಲಿ ಹುಣ್ಣೆದ್ದು ಚರ್ಮ ಸುಲಿದು ಬರುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಅನ್ನು ಮೊದಲು ದಾಖಲಿಸುವವರು ನೀವೇ ಆಗಿರುತ್ತೀರಿ, ಈ ಅಪಾಯ ಹೆಚ್ಚಿರುವವರನ್ನು ಮೊದಲೇ ಗುರುತಿಸುವ ಎಚ್‌ಎಲ್‌ಎ-ಬಿ 15:02 ಜೀನ್ ಪರೀಕ್ಷೆ ಏಕೆ ಬೇಕು ಎಂಬುದು ಅಲ್ಲಿ ಅರ್ಥವಾದಷ್ಟು ಬೇರೆಲ್ಲೂ ಆಗದು.

ಪಿಎಚ್.ಡಿ. ಬೇಡವೆನ್ನುವುದಿಲ್ಲ, ಆದರೆ ಕಾಡುವ ಪ್ರಶ್ನೆಯೊಂದು ಸಿಕ್ಕ ಮೇಲೆ ಮಾಡಿ. ಕ್ಯಾನ್ಸರ್ ಔಷಧ 5-ಎಫ್‌ಯು ಕೊಡುವ ಮೊದಲು ಸಾಮಾನ್ಯವಾಗಿ ನೋಡುವ, ಆ ಔಷಧವನ್ನು ದೇಹದಲ್ಲಿ ಒಡೆಯುವ ಕಿಣ್ವದ ಜೀನಾದ ಡಿಪಿವೈಡಿಯ ರೂಪಾಂತರಗಳನ್ನು ಹೆಚ್ಚಾಗಿ ಐರೋಪ್ಯರ ಅಧ್ಯಯನಗಳಿಂದ ಆರಿಸಲಾಗಿದೆ. ಅವು ಇಲ್ಲ ಎಂದು ವರದಿ ಬಂದ ಮಾತ್ರಕ್ಕೆ ನಮ್ಮ ರೋಗಿ ಸುರಕ್ಷಿತ ಎನ್ನಲಾಗದು. 10,000 ಭಾರತೀಯರ ಜೀನೋಮ್ ಇಂಡಿಯಾ ದತ್ತಾಂಶ 2025ರಿಂದ ಸಂಶೋಧಕರಿಗೆ ಲಭ್ಯವಿರುವಾಗ, ಇಂಥ ಪ್ರಶ್ನೆ ಹಿಡಿದವರಿಗೆ ಇಲ್ಲಿಯೇ ಬೇಕಾದಷ್ಟು ಕೆಲಸವಿದೆ.

ಹುದ್ದೆ ಒಪ್ಪಿಕೊಳ್ಳುವ ಮೊದಲು ದಿನವೂ ವಾರ್ಡಿಗೆ ಹೋಗಲು ಬಿಡುತ್ತಾರೆಯೇ ಎಂದು ಕೇಳಿ. ಕಂಪ್ಯೂಟರಿನ ಮುಂದೆ ದಾಖಲೆ ತುಂಬುವುದಷ್ಟೇ ಎಂದರೆ ಬಿಡಿ. ವಾರ್ಡು ಉಂಟು ಎಂದರೆ ಸೇರಿಕೊಂಡು, ಜೀನ್ ವರದಿಗೆ ತಕ್ಕಂತೆ ಔಷಧ ಆರಿಸುವ ಬಗ್ಗೆ ಸಿಪಿಐಸಿ ಎಂಬ ತಜ್ಞರ ಒಕ್ಕೂಟ ಉಚಿತವಾಗಿ ಪ್ರಕಟಿಸುವ ಮಾರ್ಗಸೂಚಿಗಳಲ್ಲಿ ಒಂದೊಂದನ್ನೇ ತೆಗೆದು, ಅಂದು ನೋಡಿದ ಕೇಸ್ ಶೀಟಿನ ಪಕ್ಕದಲ್ಲಿಟ್ಟು ಓದಿ.