ಕೊಡದ ಔಷಧಕ್ಕೂ ಪ್ರತಿರೋಧ ಹೇಗೆ?

ಪ್ರಶ್ನೆ: ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದ ನಮ್ಮ ತಂದೆಯ ಮೂತ್ರದ ಕಲ್ಚರ್ ವರದಿಯಲ್ಲಿ ‘ಕ್ಲೆಬ್ಸಿಯೆಲ್ಲಾ’ ಎಂದು ಬರೆದು, ಮೆರೊಪೆನೆಮ್ ಎಂಬ ಆ್ಯಂಟಿಬಯೋಟಿಕ್ ಮುಂದೆ ‘ಆರ್’ (ರೆಸಿಸ್ಟೆಂಟ್, ಅಂದರೆ ಆ ಔಷಧಕ್ಕೆ ಬಗ್ಗದು) ಎಂದು ಹಾಕಿದ್ದಾರೆ. ಆ ಔಷಧವನ್ನು ಅವರಿಗೆ ಒಮ್ಮೆಯೂ ಕೊಟ್ಟಿಲ್ಲ. ಮತ್ತೆ ಪ್ರತಿರೋಧ ಎಲ್ಲಿಂದ ಬಂತು?

ಉತ್ತರ: ಪ್ರತಿರೋಧ ಬಂದಿರುವುದು ನಿಮ್ಮ ತಂದೆಗಲ್ಲ, ಅವರ ಮೂತ್ರದಲ್ಲಿ ಬೆಳೆದ ಬ್ಯಾಕ್ಟೀರಿಯಾಕ್ಕೆ. ಅಂಥ ಕ್ಲೆಬ್ಸಿಯೆಲ್ಲಾ ಬೇರೊಬ್ಬ ರೋಗಿಯಿಂದ ಕೈಗಳ ಮೂಲಕವೋ ಉಪಕರಣಗಳ ಮೂಲಕವೋ ಬಂದಿರಬಹುದು. ಇಲ್ಲವೇ, ಪ್ರತಿರೋಧ ಕೊಡುವ ಜೀನ್ ಮಾತ್ರ ಬೇರೆ ಬ್ಯಾಕ್ಟೀರಿಯಾದಿಂದ ಅದಕ್ಕೆ ಬಂದಿರಬಹುದು.

ಮೆರೊಪೆನೆಮ್ ಅನ್ನು ಒಡೆದುಹಾಕುವ ಕಿಣ್ವಗಳಿಗೆ ಕಾರ್ಬಪೆನಮೇಸ್ ಎನ್ನುತ್ತಾರೆ. ಕೆಪಿಸಿ, ಎನ್‌ಡಿಎಂ, ಆಕ್ಸಾ-48 ಈ ಗುಂಪಿನವು. ಇವುಗಳ ಜೀನ್ ಹೆಚ್ಚಾಗಿ ಇರುವುದು ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್‌ಎ ಉಂಗುರದಲ್ಲಿ. ಬ್ಯಾಕ್ಟೀರಿಯಾ ಪಿಲಸ್ ಎಂಬ ತಂತು ಚಾಚಿ ಪಕ್ಕದ್ದನ್ನು ಹಿಡಿಯುತ್ತದೆ. ರಿಲಾಕ್ಸೇಸ್ ಕಿಣ್ವ ಪ್ಲಾಸ್ಮಿಡ್‌ನ ಎರಡು ಎಳೆಗಳಲ್ಲಿ ಒಂದನ್ನು ಗೊತ್ತಾದ ಜಾಗದಲ್ಲಿ ಕತ್ತರಿಸುತ್ತದೆ; ಆ ಎಳೆಯಷ್ಟೇ ಆಚೆ ದಾಟುತ್ತದೆ. ಆಮೇಲೆ ಎರಡೂ ಕಡೆ ಜೋಡಿ ಎಳೆ ಹೊಸದಾಗಿ ತಯಾರಾಗುತ್ತದೆ. ಕೊಟ್ಟದ್ದಕ್ಕೆ ನಷ್ಟವಿಲ್ಲ, ಪಡೆದದ್ದು ಇನ್ನೊಂದಕ್ಕೆ ಕೊಡಬಲ್ಲದು. ಬೇರೆ ಪ್ರಭೇದವಾದರೂ ಅಡ್ಡಿಯಿಲ್ಲ. 2002ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯೋಟಿಕ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಸಿಕ್ಕಿತು. ಅದರಲ್ಲಿದ್ದದ್ದು ಬೇರೆಯದೇ ಬ್ಯಾಕ್ಟೀರಿಯಾವಾದ ಎಂಟೆರೊಕಾಕಸ್‌ನ ವ್ಯಾನ್-ಎ ಜೀನ್. ಆ ರೋಗಿಯ ಕಾಲಿನ ಹುಣ್ಣಿನಲ್ಲಿ ಎರಡೂ ಒಟ್ಟಿಗೇ ಇದ್ದವು.

ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ: ಒಂದೇ ಪ್ಲಾಸ್ಮಿಡ್‌ನಲ್ಲಿ ಹಲವು ಔಷಧಗಳ ಪ್ರತಿರೋಧ ಜೀನ್‌ಗಳು ಇರುವುದುಂಟು. ಅವುಗಳಲ್ಲಿ ಯಾವ ಔಷಧ ಕೊಟ್ಟರೂ ಆ ಪ್ಲಾಸ್ಮಿಡ್ ಇರುವ ಬ್ಯಾಕ್ಟೀರಿಯಾ ಉಳಿದು ಮಿಕ್ಕವು ಸಾಯುತ್ತವೆ. ಹೀಗೆ ಮೆರೊಪೆನೆಮ್ ಮುಟ್ಟದೆಯೂ ಅದರ ಪ್ರತಿರೋಧ ಹೆಚ್ಚುತ್ತದೆ.

ಆಸ್ಪತ್ರೆಗಳೂ ಇಲ್ಲಿ ಎಡವುತ್ತವೆ. ಒಂದು ಹಾಸಿಗೆಯಲ್ಲಿ ಇ. ಕೋಲಿ, ಪಕ್ಕದ್ದರಲ್ಲಿ ಎಂಟೆರೊಬ್ಯಾಕ್ಟರ್ ಸಿಕ್ಕರೆ ಎರಡಕ್ಕೂ ನಂಟಿಲ್ಲ ಎಂದು ಕಡತ ಮುಚ್ಚುತ್ತಾರೆ. ಎರಡರಲ್ಲೂ ಇರುವುದು ಒಂದೇ ಪ್ಲಾಸ್ಮಿಡ್ ಆಗಿರಬಹುದು. ಬ್ಯಾಕ್ಟೀರಿಯಾದ ಹೆಸರಷ್ಟೇ ನೋಡಿದರೆ ಅದು ಗೊತ್ತಾಗದು. ಜೀನ್ ಯಾವುದೆಂದು ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ಹೇಳುತ್ತದೆ. ಪ್ಲಾಸ್ಮಿಡ್ ಒಂದೇ ಹೌದೋ ಎಂದು ತಿಳಿಯಲು ಸೀಕ್ವೆನ್ಸಿಂಗ್ (ಡಿಎನ್‌ಎಯ ಅಕ್ಷರಕ್ರಮ ಓದುವುದು) ಮಾಡಿಸಬೇಕು.

ಪ್ರಶ್ನೆ: ವಾರ್ಡಿನ ಸಿಂಕ್‌ನಿಂದಲೂ ಇದು ಹರಡುತ್ತದೆಯೇ? ರೋಗಿಯ ಜೊತೆಗಿರುವವರು ಏನು ಗಮನಿಸಬೇಕು?

ಉತ್ತರ: ಹರಡುತ್ತದೆ. ಸಿಂಕ್ ಕೆಳಗಿನ ಬಾಗಿದ ಪೈಪಿನಲ್ಲಿ ಸದಾ ನೀರು ನಿಂತಿರುತ್ತದೆ. ಅದರ ಒಳಗೋಡೆಯ ಲೋಳೆಪದರದಲ್ಲಿ ಹಲವು ಬಗೆಯ ಬ್ಯಾಕ್ಟೀರಿಯಾ ಒತ್ತೊತ್ತಾಗಿ ಬದುಕುತ್ತವೆ, ಪ್ಲಾಸ್ಮಿಡ್ ಕೈಬದಲಾಗಲು ಹೇಳಿಮಾಡಿಸಿದ ಜಾಗ. 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪೋಷಕಾಂಶ ಸಿಕ್ಕಾಗ ಇ. ಕೋಲಿ ಆ ಬಾಗಿನಿಂದ ದಿನಕ್ಕೆ ಸುಮಾರು 2.5 ಸೆಂ.ಮೀ.ನಂತೆ ಮೇಲೇರಿ ಸಿಂಕ್‌ನ ಜಾಲರಿ ಮುಟ್ಟಿತು. ಅಲ್ಲಿಂದಾಚೆಗೆ ನಲ್ಲಿ ನೀರು ಬಿದ್ದಾಗ ಸಿಡಿಯುವ ಹನಿಗಳೇ ಸಾಕು.

ಆದ್ದರಿಂದ ಕೈತೊಳೆಯುವ ಸಿಂಕ್‌ಗೆ ಹಾಲು, ಜ್ಯೂಸ್, ಉಳಿದ ಡ್ರಿಪ್ ದ್ರವ, ಮೂತ್ರ ಯಾವುದನ್ನೂ ಸುರಿಯಬೇಡಿ. ಹಲ್ಲುಜ್ಜುವ ಬ್ರಷ್, ಔಷಧದ ಟ್ರೇ ಅದರಿಂದ ಒಂದು ಮೀಟರ್ ದೂರವಿರಲಿ. ಮೂತ್ರದ ಚೀಲ ಮೂತ್ರಕೋಶಕ್ಕಿಂತ ಕೆಳಗೆ ತೂಗಬೇಕು, ನೆಲಕ್ಕೆ ತಾಗಬಾರದು. ಚೀಲ ಖಾಲಿ ಮಾಡುವ ಜಗ್ ಪ್ರತಿ ರೋಗಿಗೂ ಬೇರೆ ಇರಬೇಕು, ಚೀಲದ ಕೊಳವೆಯ ಬಾಯಿ ಜಗ್‌ಗೆ ತಗುಲಬಾರದು. ಒಂದೇ ಜಗ್ ಹಾಸಿಗೆಯಿಂದ ಹಾಸಿಗೆಗೆ ಓಡಾಡುವುದು ಕಂಡರೆ ಸಂಕೋಚ ಬಿಟ್ಟು ಕೇಳಿ.

ಕೈಗೆ ಆಲ್ಕೋಹಾಲ್ ದ್ರಾವಣ ಅಂಗೈ ತುಂಬ ತೆಗೆದುಕೊಂಡು, ಬೆರಳ ತುದಿ ಮತ್ತು ಹೆಬ್ಬೆರಳು ಸೇರಿಸಿ 20ರಿಂದ 30 ಸೆಕೆಂಡ್ ಉಜ್ಜಿ, ತಾನಾಗಿ ಒಣಗಲು ಬಿಡಿ. ಕೊಳೆ ಕಾಣುತ್ತಿದ್ದರೆ ಸೋಪು-ನೀರೇ ಆಗಬೇಕು. ಕರುಳಿನ ಬ್ಯಾಕ್ಟೀರಿಯಾ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್‌ನಿಂದ ಭೇದಿಯಾಗುತ್ತಿರುವ ರೋಗಿಯ ಬಳಿಯೂ ಅಷ್ಟೇ, ಅದರ ಗಟ್ಟಿ ಕವಚದ ಸುಪ್ತ ರೂಪವಾದ ಸ್ಪೋರ್‌ಗಳು ಆಲ್ಕೋಹಾಲ್‌ಗೆ ಸಾಯುವುದಿಲ್ಲ.

ಪ್ರಶ್ನೆ: ವರದಿಯಲ್ಲಿ ಇಂಥ ಬ್ಯಾಕ್ಟೀರಿಯಾ ಇದೆ, ಆದರೆ ಜ್ವರವಾಗಲಿ ಉರಿಮೂತ್ರವಾಗಲಿ ಇಲ್ಲ. ಔಷಧ ಬೇಕೇ?

ಉತ್ತರ: ಸಾಮಾನ್ಯವಾಗಿ ಬೇಡ. ಗರ್ಭಿಣಿಯರಿಗೆ, ಮೂತ್ರನಾಳದ ಕೆಲವು ಶಸ್ತ್ರಚಿಕಿತ್ಸೆಗಳಿಗೆ ಮುನ್ನ ಕೊಡುತ್ತಾರೆ. ಅದನ್ನು ವೈದ್ಯರು ನಿರ್ಧರಿಸಲಿ. ಆದರೆ ಇವು ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲವು. ಮುಂದೆ ಯಾವುದೇ ಆಸ್ಪತ್ರೆಗೆ ದಾಖಲಾಗುವಾಗ ಈ ವರದಿಯನ್ನು ಮೊದಲೇ ತೋರಿಸಿ.