ಕಾಸರಗೋಡಿಗೆ ಸ್ವಾಯತ್ತ ಮಂಡಳಿ ಬೇಕೇ? ಪೆರ್ಲದ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ದೀರ್ಘ ಪತ್ರವೂ ಅದರೊಂದಿಗೆ ಲಗತ್ತಿಸಿದ ಮನವಿಯ ಕರಡೂ ತಲುಪಿವೆ. ಪತ್ರವನ್ನು ಇಡಿಯಾಗಿ ಅಚ್ಚು ಹಾಕಲು ಸ್ಥಳ ಸಾಲದ್ದರಿಂದ ಉಳಿದ ಓದುಗರಿಗಾಗಿ ಅದರ ಸಾರವನ್ನು ಹೇಳಿಬಿಡುತ್ತೇನೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಇಂದಿಗೂ ಕಾಗದದಲ್ಲೇ ಉಳಿದಿರುವಾಗ ವಿಲೀನದ ಮಾತನ್ನೇ ಆಡುತ್ತ ಕೂರುವುದು ವ್ಯರ್ಥ. ಅದರ ಬದಲು ಅದೇ ಭಾಗವನ್ನು ಕೇರಳದೊಳಗೇ ಉಳಿಸಿಕೊಂಡು, ಈಶಾನ್ಯ ರಾಜ್ಯಗಳಲ್ಲಿ ಇರುವಂತೆ ಸಂವಿಧಾನದ ಆರನೇ ಅನುಸೂಚಿಯ ಮಾದರಿಯ ಸ್ವಾಯತ್ತ ಜಿಲ್ಲಾ ಮಂಡಳಿಯೊಂದನ್ನು ಕೇಳಬೇಕು. ನಾವು ಈ ನೆಲದ ಮೂಲನಿವಾಸಿಗಳಾದ್ದರಿಂದ ವಿಶ್ವಸಂಸ್ಥೆಯ 2007ರ ಘೋಷಣೆಯೂ ನಮ್ಮ ಪರವಾಗಿದೆ ಎಂಬುದು ನಿಮ್ಮ ವಾದ. ಪತ್ರಿಕೆ ಇದನ್ನು ಬೆಂಬಲಿಸಬೇಕು, ಇಲ್ಲವಾದರೆ ಕಾರಣ ಕೊಡಬೇಕು ಎಂದಿದ್ದೀರಿ.

ವಿಲೀನದ ಘೋಷಣೆಯ ಆಚೆಗೆ ಯೋಚಿಸಬೇಕು ಎಂಬ ನಿಮ್ಮ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ನೀವು ಆರಿಸಿಕೊಂಡ ಮಾದರಿ ನಮಗೆ ಒಗ್ಗುವುದಿಲ್ಲ, ಒಂದು ವೇಳೆ ದೊರೆತರೂ ನಮಗೆ ಬೇಕಾದದ್ದನ್ನು ಕೊಡುವುದಿಲ್ಲ.

ಆರನೇ ಅನುಸೂಚಿ ಗೋಪಿನಾಥ ಬೊರ್ದೊಲೊಯಿ ಅವರ ಅಧ್ಯಕ್ಷತೆಯ ಉಪಸಮಿತಿ ಸಂವಿಧಾನ ಸಭೆಗೆ ನೀಡಿದ ಶಿಫಾರಸಿನಿಂದ ಹುಟ್ಟಿದ್ದು. ಇಂದು ಅದು ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂಗಳ ಬುಡಕಟ್ಟು ಪ್ರದೇಶಗಳಿಗೆ ಅನ್ವಯಿಸುತ್ತದೆ. ಅಲ್ಲಿ ಒಟ್ಟು 10 ಸ್ವಾಯತ್ತ ಮಂಡಳಿಗಳಿವೆ. ಜಮೀನಿನ ಹಂಚಿಕೆ, ಮೀಸಲು ಅರಣ್ಯಕ್ಕೆ ಸೇರದ ಕಾಡು, ವಾರಸು, ಮದುವೆ, ಸಾಮಾಜಿಕ ಕಟ್ಟಳೆಗಳ ಬಗ್ಗೆ ಈ ಮಂಡಳಿಗಳು ಕಾನೂನನ್ನೇ ಮಾಡಬಹುದು. ನಿಮ್ಮ ಕಣ್ಣಿಗೆ ಬೀಳದೆ ಹೋದ ಒಂದು ಅಂಶ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ: ಅನುಸೂಚಿಯ 6ನೇ ಪ್ಯಾರಾದ ಪ್ರಕಾರ ಮಂಡಳಿ ಪ್ರಾಥಮಿಕ ಶಾಲೆಗಳನ್ನು ಸ್ಥಾಪಿಸಿ ನಡೆಸಬಹುದಲ್ಲದೆ, ಆ ಶಾಲೆಗಳಲ್ಲಿ ಯಾವ ಭಾಷೆಯಲ್ಲಿ, ಯಾವ ರೀತಿಯಲ್ಲಿ ಪಾಠ ನಡೆಯಬೇಕೆಂಬುದನ್ನು ರಾಜ್ಯಪಾಲರ ಒಪ್ಪಿಗೆಯೊಂದಿಗೆ ತಾನೇ ಗೊತ್ತುಪಡಿಸಬಹುದು. ಕಾಸರಗೋಡಿನ ಕನ್ನಡಿಗರು ಈ ನೆಲ ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಬೇಡುತ್ತ ಬಂದಿರುವುದು ಹೆಚ್ಚುಕಡಿಮೆ ಇದನ್ನೇ.

ಆದರೂ ಆ ಅನುಸೂಚಿ ನಮ್ಮದಾಗದು. ಅದು ಬುಡಕಟ್ಟು ಪ್ರದೇಶಗಳಿಗಾಗಿ ಬರೆದದ್ದು, ಭಾಷಾ ಅಲ್ಪಸಂಖ್ಯಾತರಿಗಾಗಿ ಬರೆದದ್ದಲ್ಲ. ಜನಸಂಖ್ಯೆಯಲ್ಲಿ ಬಹುಪಾಲು ಪರಿಶಿಷ್ಟ ಪಂಗಡದವರೇ ಇರುವ ಲಡಾಖ್ ಕೂಡ 2019ರ ಬಳಿಕ ಅದಕ್ಕಾಗಿ ಹೋರಾಡುತ್ತಲೇ ಬಂದಿದೆ. ಕನ್ನಡ ಶಾಲೆಯ ಕಾರಣ ಮುಂದಿಟ್ಟು ನಾವು ಅದನ್ನು ಪಡೆಯುತ್ತೇವೆಂದು ನಂಬಲು ನನಗೆ ಧೈರ್ಯವಿಲ್ಲ. ಮಂಡಳಿ ಸಿಕ್ಕವರ ಅನುಭವವೂ ಸಿಹಿಯಾದದ್ದೇನಲ್ಲ. ಕಾನೂನಿಗೆ ರಾಜ್ಯಪಾಲರ ಅಂಕಿತ ಬೇಕು, ಹಣಕ್ಕೆ ರಾಜ್ಯ ಸರಕಾರದ ಮುಖ ನೋಡಬೇಕು. ಆರನೇ ಅನುಸೂಚಿಯ ಹೊರಗೆ, ರಾಜ್ಯದ ಕಾನೂನಿನ ಮೇಲೆ ನಿಂತ ಡಾರ್ಜಿಲಿಂಗ್‌ನ ನೇಪಾಳಿ ಭಾಷಿಕರ ಕಥೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ 1988ರಲ್ಲಿ ಗೂರ್ಖಾ ಗುಡ್ಡಗಾಡು ಮಂಡಳಿ, 2012ರಲ್ಲಿ ಗೂರ್ಖಾಲ್ಯಾಂಡ್ ಪ್ರಾದೇಶಿಕ ಆಡಳಿತ ಬಂದವು. ಆದರೆ 2000ದ ಬಳಿಕ 2023ರ ತನಕ ಅದೇ ಗುಡ್ಡಗಳಲ್ಲಿ ಗ್ರಾಮ ಪಂಚಾಯತ್ ಚುನಾವಣೆಯೇ ನಡೆಯಲಿಲ್ಲ. ಮೇಲೆ ದೊಡ್ಡ ಮಂಡಳಿ ಕೂತಿತು, ಕೆಳಗೆ ವಾರ್ಡಿನವನಿಗೆ ತನ್ನ ದಾರಿ, ನೀರು, ದೀಪದ ವಿಷಯ ಕೇಳಲು ಚುನಾಯಿತ ಸದಸ್ಯನೇ ಇಲ್ಲದಾದ.

ವಿಶ್ವಸಂಸ್ಥೆಯ ಘೋಷಣೆಯ ವಿಷಯಕ್ಕೆ ಬರೋಣ. 2007ರ ಸೆಪ್ಟೆಂಬರ್ 13ರಂದು 144 ದೇಶಗಳ ಬೆಂಬಲದಿಂದ ಅಂಗೀಕಾರವಾದ ಆ ಘೋಷಣೆಯ 4ನೇ ವಿಧಿ ಮೂಲನಿವಾಸಿ ಜನರಿಗೆ ತಮ್ಮ ಆಂತರಿಕ ವ್ಯವಹಾರಗಳಲ್ಲಿ ಸ್ವಯಮಾಡಳಿತದ ಹಕ್ಕಿದೆಯೆಂದು ಸ್ಪಷ್ಟವಾಗಿಯೇ ಹೇಳುತ್ತದೆ, ಭಾರತವೂ ಅದರ ಪರ ಮತ ಹಾಕಿದೆ. ಆದರೆ ಭಾಷಾ ಅಲ್ಪಸಂಖ್ಯಾತರಿಗೆ ಅನ್ವಯಿಸುವುದು 1992ರ ಬೇರೆಯೇ ಘೋಷಣೆ. ಅದರಲ್ಲಿ ಭಾಷೆಯನ್ನು ಬಳಸುವ, ಸಂಸ್ಕೃತಿಯನ್ನು ಉಳಿಸಿಕೊಳ್ಳುವ, ತಮಗೆ ಸಂಬಂಧಿಸಿದ ನಿರ್ಧಾರಗಳಲ್ಲಿ ಪಾಲ್ಗೊಳ್ಳುವ ಹಕ್ಕುಗಳಿವೆಯೇ ಹೊರತು ಸ್ವಯಮಾಡಳಿತದ ಮಾತಿಲ್ಲ. ಎರಡನ್ನೂ ಬೆರೆಸಿ ಬರೆದ ಮನವಿಯನ್ನು ಯಾವ ಅಧಿಕಾರಿಯೂ ಮೊದಲ ಓದಿಗೇ ಬದಿಗಿಡುತ್ತಾನೆ.

ಇಲ್ಲಿ ನಿಮಗೆ ಹಿತವಾಗದ ಒಂದು ಮಾತನ್ನು ಹೇಳಲೇಬೇಕು. ಮೂಲನಿವಾಸಿಗಳ ಹೆಸರಿನಲ್ಲಿ ಈ ಜಿಲ್ಲೆಯಲ್ಲಿ ಯಾರಾದರೂ ಹಕ್ಕು ಕೇಳಬಹುದಾದರೆ ಅದರಲ್ಲಿ ಮೊದಲ ಸರದಿ ಕೊರಗರದ್ದು. ಮಾವಿಲರು, ಮಲೆವೇಟುವರು ಅವರ ಜೊತೆಗಿದ್ದಾರೆ. ಕೊರಗರು ಕೇರಳ, ಕರ್ನಾಟಕ ಎರಡೂ ಕಡೆ ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿದ್ದಾರೆ. ಮಂಜೇಶ್ವರದ ಕಡೆಯ ಒಂದು ಕೊರಗ ವಸತಿಯ ಊರುಕೂಟದಲ್ಲಿ, ಅಂದರೆ ಬುಡಕಟ್ಟು ವಸತಿಯವರ ಸಭೆಯಲ್ಲಿ, ನಾನು ಕೂತಿದ್ದೆ. ನಡಾವಳಿ ಓದಿದ್ದು ಮಲಯಾಳದಲ್ಲಿ. ಬಳ್ಳಿಯ ಬುಟ್ಟಿ ಹೆಣೆಯುತ್ತಲೇ ಕೇಳುತ್ತಿದ್ದ ಹೆಂಗಸೊಬ್ಬರು ಮನೆಯಡಿಯ ಹಕ್ಕುಪತ್ರ ಯಾವಾಗ ಸಿಗುತ್ತದೆಂದು ತುಳುವಿನಲ್ಲಿ ಕೇಳಿದರು. ಉತ್ತರ ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಬಂತು. ಆಮೇಲೆ ಸಹಿ ಹಾಕುವ ಪುಸ್ತಕ ಕೈಯಿಂದ ಕೈಗೆ ದಾಟಿತು. ಪ್ರಶ್ನೆ ಆ ಪುಸ್ತಕದಲ್ಲಿ ದಾಖಲಾಗಲಿಲ್ಲ. 2024ರಲ್ಲಿ ಕೇರಳ ಸರಕಾರ ಇಂಥ ವಸತಿಗಳ ಹೆಸರಿನಿಂದ ‘ಕಾಲೊನಿ’ ಎಂಬುದನ್ನು ತೆಗೆಯಲು ಆದೇಶಿಸಿತು; ಒಳ್ಳೆಯದೇ, ಹಕ್ಕುಪತ್ರ ಅದಕ್ಕಿಂತಲೂ ಒಳ್ಳೆಯದಿತ್ತು. ಕೇರಳದಲ್ಲಿ ಐದನೇ ಅನುಸೂಚಿಯ ಪ್ರದೇಶಗಳಿಲ್ಲವಾದ್ದರಿಂದ ಬುಡಕಟ್ಟು ಗ್ರಾಮಸಭೆಗಳಿಗೆ ಬಲ ಕೊಡುವ 1996ರ ಪೆಸಾ ಕಾನೂನು ಇಲ್ಲಿಗೆ ತಲುಪಿಲ್ಲ. ಒಡಿಶಾದ ನಿಯಮಗಿರಿಯಲ್ಲಿ ಡೊಂಗರಿಯಾ ಕಂಧರ 12 ಗ್ರಾಮಸಭೆಗಳು, ಸುಪ್ರೀಂ ಕೋರ್ಟಿನ ತೀರ್ಪಿನಂತೆ ಸೇರಿ, 2013ರಲ್ಲಿ ಬಾಕ್ಸೈಟ್ ಗಣಿಗಾರಿಕೆಯನ್ನು ಒಕ್ಕೊರಲಿನಿಂದ ತಿರಸ್ಕರಿಸಿದವು. ಸ್ವಯಮಾಡಳಿತವೆಂದರೆ ಏನೆಂದು ತೋರಿಸಲು ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ದೇಶದಲ್ಲಿ ನನಗೆ ತಿಳಿದಿಲ್ಲ. ನಿಮ್ಮ ಕರಡಿನಲ್ಲಿ ಕೊರಗರ ಹೆಸರು ಒಂದು ಕಡೆಯೂ ಇಲ್ಲ.

ಇನ್ನು ಎಲ್ಲೆ ಹಾಕುವ ಪ್ರಶ್ನೆ. ಚಂದ್ರಗಿರಿಯ ಉತ್ತರವೆಂದು ನೀವು ಗೆರೆ ಎಳೆದರೆ ಆ ಗೆರೆಯೊಳಗೆ ಕಾಸರಗೋಡು ನಗರಸಭೆ, ಮೊಗ್ರಾಲ್ ಪುತ್ತೂರು, ಕುಂಬಳೆ, ಮಂಗಲ್ಪಾಡಿ ಎಲ್ಲವೂ ಬರುತ್ತವೆ. ಹಾಗೆ ಕಟ್ಟಿದ ಮಂಡಳಿಯಲ್ಲಿ ಬಹುಮತ ಯಾರದೆಂದು ಲೆಕ್ಕ ಹಾಕಿದ್ದೀರಾ? 2011ರ ಜನಗಣತಿಯಲ್ಲಿ ಜಿಲ್ಲೆಯ 13 ಲಕ್ಷಕ್ಕೂ ಮಿಕ್ಕಿದ ಜನರಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರ ಪ್ರಮಾಣ ಒಂದಂಕಿಯನ್ನು ದಾಟುವುದಿಲ್ಲ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಮಾತಾಡಿ ಶಾಲೆಯಲ್ಲಿ ಕನ್ನಡ ಓದಿದ ನಮ್ಮವರೆಲ್ಲ ಬೇರೆ ಬೇರೆ ಕಾಲಂಗಳಲ್ಲಿ ಹಂಚಿಹೋಗಿದ್ದಾರೆ. ಉತ್ತರದ ಪಂಚಾಯತುಗಳಲ್ಲಿ ಈ ಪ್ರಮಾಣ ಹೆಚ್ಚಿದೆ ನಿಜ, ಆದರೆ ಇಡೀ ಉತ್ತರ ಭಾಗವನ್ನು ಒಂದೇ ಮಂಡಳಿಗೆ ಕಟ್ಟಿದರೆ ನಾವು ಕಷ್ಟಪಟ್ಟು ಪಡೆದ ಅಧಿಕಾರವನ್ನು ನಾವೇ ಇನ್ನೊಬ್ಬರ ಕೈಗಿಡುವ ಸಂಭವ ದೊಡ್ಡದು.

ಇಟಲಿಯ ದಕ್ಷಿಣ ಟಿರೋಲ್‌ನಲ್ಲಿ ಆದದ್ದು ಇದೇ. ಮೊದಲ ಮಹಾಯುದ್ಧದ ಬಳಿಕ ಆಸ್ಟ್ರಿಯಾದಿಂದ ಇಟಲಿಗೆ ಸೇರಿದ ಆ ಜರ್ಮನ್ ಭಾಷಿಕರಿಗೆ 1946ರ ಒಪ್ಪಂದದಂತೆ 1948ರಲ್ಲಿ ಸ್ವಾಯತ್ತತೆ ಬಂತು. ಆದರೆ ಅವರನ್ನು ಪಕ್ಕದ ಇಟಾಲಿಯನ್ ಭಾಷಿಕ ಟ್ರೆಂಟೊ ಜೊತೆ ಒಂದೇ ಪ್ರಾಂತಕ್ಕೆ ಸೇರಿಸಿದ್ದರಿಂದ ಆ ಪ್ರಾಂತದ ಸಭೆಯಲ್ಲೂ ಅವರು ಅಲ್ಪಸಂಖ್ಯಾತರಾಗಿಯೇ ಉಳಿದರು. ಅಧಿಕಾರ ನಿಜವಾಗಿ ಅವರ ಜಿಲ್ಲೆಗೆ ಇಳಿದದ್ದು 1972ರ ಎರಡನೇ ಶಾಸನದಿಂದ. ಅದರಲ್ಲಿ ಸರಕಾರಿ ಹುದ್ದೆಗಳನ್ನು ಭಾಷಾ ಸಮುದಾಯಗಳ ಪ್ರಮಾಣಕ್ಕೆ ತಕ್ಕಂತೆ ಹಂಚುವ ನಿಯಮವಿದೆ, ಎರಡೂ ಭಾಷೆ ಬಲ್ಲೆನೆಂಬ ಪರೀಕ್ಷೆಯನ್ನು ಪಾಸಾಗದೆ ಯಾರೂ ಆ ಹುದ್ದೆಗೆ ಬರುವಂತಿಲ್ಲ. ನಮ್ಮ ಕಡೆ ವಿಲೇಜ್ ಆಫೀಸಿನಿಂದ ಹಿಡಿದು ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯವರೆಗೆ ಬೇಕಾಗಿರುವುದು ಈ ಎರಡನೆಯ ನಿಯಮ.

ಹಾಗಾದರೆ ನಮ್ಮಂತೆ ಚದುರಿದವರಿಗೆ ದಾರಿ ಇಲ್ಲವೇ? ಇದೆ, ಅದಕ್ಕೆ ಹಳೆಯ ಮಾದರಿಯೂ ಇದೆ. ಎಸ್ಟೋನಿಯಾ 1925ರ ಫೆಬ್ರವರಿ 12ರಂದು ಅಲ್ಪಸಂಖ್ಯಾತರ ಸಾಂಸ್ಕೃತಿಕ ಸ್ವಾಯತ್ತತೆಯ ಕಾನೂನನ್ನು ತಂದಿತು. ಕನಿಷ್ಠ 3,000 ಮಂದಿ ಇರುವ ಸಮುದಾಯ, ದೇಶದ ಯಾವ ಮೂಲೆಯಲ್ಲಿ ಹಂಚಿಹೋಗಿದ್ದರೂ ಸರಿ, ಸ್ವಇಚ್ಛೆಯಿಂದ ಹೆಸರು ನೋಂದಾಯಿಸಿ, ತನ್ನದೇ ಸಾಂಸ್ಕೃತಿಕ ಪರಿಷತ್ತನ್ನು ಚುನಾಯಿಸಿ, ಶಾಲೆಗಳನ್ನು ತಾನೇ ನಡೆಸಬಹುದಿತ್ತು. ಸದಸ್ಯರ ಮೇಲೆ ತೆರಿಗೆಯನ್ನೂ ಹಾಕಬಹುದಿತ್ತು. ಜರ್ಮನರೂ ಯಹೂದಿಗಳೂ ಅದನ್ನು ಬಳಸಿಕೊಂಡರು. ಒಂದೇ ಕಡೆ ಗುಂಪಾಗಿ ನೆಲೆಸಿದ್ದ ರಷ್ಯನರೂ ಸ್ವೀಡಿಷರೂ ಅದರ ಗೊಡವೆಗೆ ಹೋಗದೆ ತಮ್ಮ ಸ್ಥಳೀಯ ಸಂಸ್ಥೆಗಳ ಮೂಲಕವೇ ಕೆಲಸ ಸಾಗಿಸಿಕೊಂಡರು. 1940ರಲ್ಲಿ ಸೋವಿಯತ್ ಆಡಳಿತ ಬಂದು ಎಲ್ಲವೂ ನಿಂತಿತು, ಆದರೆ ಎಲ್ಲೆಯ ಗೆರೆಯೇ ಇಲ್ಲದೆ ಸ್ವಾಯತ್ತತೆ ನಡೆಯಬಲ್ಲದು ಎಂಬುದು ಅಷ್ಟರೊಳಗೆ ಸಾಬೀತಾಗಿತ್ತು. ಜನಗಣತಿಯ ಕಾಲಂಗಳಲ್ಲಿ ಹಂಚಿಹೋದ ನಮ್ಮ ತುಳು ಮನೆಯ ಕನ್ನಡ ವಿದ್ಯಾರ್ಥಿಗೆ ಇಂಥ ಸ್ವಇಚ್ಛೆಯ ನೋಂದಣಿಯೇ ಸರಿಯಾದ ಉತ್ತರ.

ಇಲ್ಲಿ ಅದರ ರೂಪ ಹೇಗಿರಬೇಕೆಂದು ನನ್ನ ಅಭಿಪ್ರಾಯ ಹೇಳುತ್ತೇನೆ. ಶಿಕ್ಷಣ 1976ರ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ಕೇರಳ ವಿಧಾನಸಭೆಯೇ ಕಾನೂನು ಮಾಡಿ ಕನ್ನಡ ಮಾಧ್ಯಮ ಶಿಕ್ಷಣಕ್ಕೆ ಒಂದು ಚುನಾಯಿತ ಪರಿಷತ್ತನ್ನು ರಚಿಸಬಹುದು. ಸಂವಿಧಾನಕ್ಕೆ ತಿದ್ದುಪಡಿ ಬೇಕಾಗಿಲ್ಲ. ಕನ್ನಡ ಹುದ್ದೆಗೆ ಬರುವ ಅಭ್ಯರ್ಥಿಗೆ ಕನ್ನಡ ಬರುತ್ತದೆಯೇ ಎಂದು ಪರೀಕ್ಷಿಸಿ ತೀರ್ಮಾನಿಸುವ ಅಧಿಕಾರ ಆ ಪರಿಷತ್ತಿಗೆ ಇರಬೇಕು, ಸಲಹೆ ಕೊಡುವ ಅಧಿಕಾರ ಸಾಲದು. ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಇದೇ ಜಿಲ್ಲೆಯ ಒಂದು ಶಾಲೆಯ ಮೂರನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೇನೆ: ಪುಸ್ತಕ ಕನ್ನಡದ್ದು, ಕಳೆಯುವ ಲೆಕ್ಕ ಬೋರ್ಡಿನ ಮೇಲೆ, ವಿವರಣೆ ಮಲಯಾಳದಲ್ಲಿ. ‘ದಶಕದಿಂದ ಕಡ ತೆಗೆದುಕೊಳ್ಳುವುದು’ ಎಂಬಲ್ಲಿಗೆ ಬಂದಾಗ ಟೀಚರ್ ತಡವರಿಸಿದರು. ಮುಂದಿನ ಸಾಲಿನ ಹುಡುಗಿ ಎದ್ದು ಹಿಂದಿನವರಿಗೆ ತುಳುವಿನಲ್ಲಿ ಬಿಡಿಸಿ ಹೇಳಿದಳು. ಟೀಚರ ತಪ್ಪೇನೂ ಇಲ್ಲ, ಲೋಕಸೇವಾ ಆಯೋಗದ (ಪಿ.ಎಸ್.ಸಿ.) ರ್‍ಯಾಂಕ್ ಪಟ್ಟಿ ಅವರನ್ನು ಅಲ್ಲಿಗೆ ಕಳಿಸಿದೆ. ಸಂವಿಧಾನದ 350ಎ ವಿಧಿ ತಾಯ್ನುಡಿಯ ಪ್ರಾಥಮಿಕ ಶಿಕ್ಷಣಕ್ಕೆ ಸೌಲಭ್ಯ ಒದಗಿಸುವಂತೆ ರಾಜ್ಯಕ್ಕೆ ಹೇಳುತ್ತದೆ, 350ಬಿ ವಿಧಿಯ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿ ರಾಷ್ಟ್ರಪತಿಗೆ ವರದಿ ಬರೆಯುತ್ತಾರೆ. ಆ ತರಗತಿಗೆ ಬೇರೆ ಟೀಚರನ್ನು ಕಳಿಸುವ ಅಧಿಕಾರ ಈ ಎರಡು ವಿಧಿಗಳಿಂದ ಯಾರಿಗೂ ಬರುವುದಿಲ್ಲ.

ಈಗಲೇ ಕೈಯಲ್ಲಿರುವ ಅಧಿಕಾರದ ವಿಷಯವನ್ನೂ ನಿಮ್ಮ ಪತ್ರ ಬಿಟ್ಟುಬಿಟ್ಟಿದೆ. ಯೋಜನೆ ಹಾಕುವ ಕೆಲಸವನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿದ 1996ರ ಜನಕೀಯ ಯೋಜನೆಯ ಕಾಲದಿಂದ ಕೇರಳದ ಪಂಚಾಯತುಗಳಿಗೆ ದೊರೆತಷ್ಟು ಹಣವೂ ಹೊಣೆಯೂ ಬೇರೆ ರಾಜ್ಯಗಳಲ್ಲಿ ಅಪರೂಪ. ಸರಕಾರಿ ಎಲ್.ಪಿ. ಶಾಲೆ ಪಂಚಾಯತಿನ ಸುಪರ್ದಿಯಲ್ಲಿದೆ. ಆದರೆ ಗೋಡೆ ನಮ್ಮದು, ಮೇಷ್ಟ್ರು ತಿರುವನಂತಪುರದ್ದು. ಆ ಕೊರತೆಯನ್ನು ಪರಿಷತ್ತು ತುಂಬಬೇಕು. ಇನ್ನೊಂದು ಸಂವಿಧಾನದ 30ನೇ ವಿಧಿ. ತಮಗಿಷ್ಟವಾದ ಶಾಲೆಗಳನ್ನು ಸ್ಥಾಪಿಸಿ ಆಡಳಿತ ನಡೆಸುವ ಹಕ್ಕು ಭಾಷಾ ಅಲ್ಪಸಂಖ್ಯಾತರಿಗೂ ಇದೆ, ಅನುದಾನಿತ ಶಾಲೆಯಲ್ಲಿ ಅಧ್ಯಾಪಕರನ್ನು ನೇಮಿಸುವವರು ಮ್ಯಾನೇಜರೇ. ಆದರೂ ನಮ್ಮವರೇ ನಡೆಸುವ ಎಷ್ಟೋ ಶಾಲೆಗಳಲ್ಲಿ ಇಂಗ್ಲಿಷ್ ಡಿವಿಷನ್ ತೆರೆದು, ಜೂನ್‌ನ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುವಾಗ ಕನ್ನಡ ಡಿವಿಷನ್‌ಗೆ ಮಕ್ಕಳೇ ಇಲ್ಲದೆ ಹುದ್ದೆ ಬಿದ್ದುಹೋಗುತ್ತದೆ. ಅದಕ್ಕೆ ತಿರುವನಂತಪುರವನ್ನು ದೂರಿದರೆ ಅರ್ಧ ಸತ್ಯವಾದೀತು. ಹಾಗೆಯೇ, 1969ರ ರಾಜ್ಯ ಅಧಿಕೃತ ಭಾಷಾ ಕಾನೂನಿನಂತೆ ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆದವರಿಗೆ ಕನ್ನಡದಲ್ಲೇ ಉತ್ತರ ಬರಬೇಕು. ಸರಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಕೂತು ಇಂಗ್ಲಿಷಿನಲ್ಲಿ ಅರ್ಜಿ ಟೈಪ್ ಮಾಡಿಸುವ ನಾವು ಆ ಹಕ್ಕನ್ನು ಕೇಳಿ ನೋಡುವುದೇ ವಿರಳ.

ಆದ್ದರಿಂದ ನಿಮ್ಮ ಕರಡನ್ನು ಈಗಿರುವಂತೆ ಬೆಂಬಲಿಸಲು ಪತ್ರಿಕೆಗೆ ಆಗುವುದಿಲ್ಲ. ಮೊದಲ ಬೇಡಿಕೆಯಲ್ಲಿ ಆರನೇ ಅನುಸೂಚಿಯನ್ನು ಕೈಬಿಟ್ಟು ಕನ್ನಡ ಶಿಕ್ಷಣ ಪರಿಷತ್ತಿನ ಕಾನೂನನ್ನು ಕೇಳಿ. ಅದರಲ್ಲಿ ತುಳು, ಕೊಂಕಣಿ, ಮರಾಠಿ ಮನೆಮಾತಿನವರಿಗೆ ಸ್ಥಾನ ಮೀಸಲಿಡಿ. ಎರಡನೆಯದರಿಂದ ವಿಶ್ವಸಂಸ್ಥೆಯ 2007ರ ಘೋಷಣೆಯ ಉಲ್ಲೇಖವನ್ನು ತೆಗೆಯಿರಿ. ಅದು ಬೇಕೆಂದಾದರೆ ಕೊರಗ ಊರುಕೂಟಗಳ ನಿರ್ಣಯಗಳು ಪಂಚಾಯತಿಗೆ ಬದ್ಧವಾಗಬೇಕೆಂಬ ಬೇರೆ ಬೇಡಿಕೆ ಬರೆಯಿರಿ, ಅದನ್ನು ಬರೆಯುವಾಗ ಅವರನ್ನು ಕೂರಿಸಿಕೊಳ್ಳಿ. ಕಚೇರಿಗಳ ನಾಮಫಲಕ, ಅರ್ಜಿ ನಮೂನೆಗಳು ಕನ್ನಡದಲ್ಲೂ ಇರಬೇಕೆಂಬ ಕೊನೆಯ ಬೇಡಿಕೆ ಸರಿಯಾಗಿಯೇ ಇದೆ, 1969ರ ಕಾನೂನಿನ ಹೆಸರನ್ನು ಮಾತ್ರ ಅಲ್ಲಿ ಸೇರಿಸಿ. ತಿದ್ದಿದ ಪ್ರತಿ ತಿಂಗಳ ಕೊನೆಯೊಳಗೆ ಕೈಸೇರಿದರೆ ಮುಂದಿನ ಸಂಚಿಕೆಯಲ್ಲಿ ಪೂರ್ತಿಯಾಗಿ ಪ್ರಕಟಿಸುತ್ತೇವೆ, ಸಹಿ ಸಂಗ್ರಹದ ಹಾಳೆಯನ್ನೂ ಜೊತೆಗೆ ಹಾಕುತ್ತೇವೆ.

ಸಂಪಾದಕ