ಮಗನ ನಿದ್ದೆಯೂ ತಂದೆಯ ಮೊಬೈಲೂ

ಮಾನ್ಯರೇ,

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ತಾವು, ಬಳ್ಳಾರಿಯ ಹಾಸ್ಟೆಲಿನಲ್ಲಿದ್ದು ದ್ವಿತೀಯ ಪಿಯುಸಿ ಓದುತ್ತಿರುವ ಹದಿನೇಳರ ಮಗನಿಗೆ ಸ್ಮಾರ್ಟ್ ವಾಚ್ ಕೊಡಿಸಿ, ಅದರ ಆ್ಯಪನ್ನು ತಮ್ಮ ಫೋನಿನಲ್ಲೂ ತೆರೆದಿಟ್ಟುಕೊಂಡಿರುವುದಾಗಿ ಬರೆದಿದ್ದೀರಿ. ನಿದ್ದೆ ನಾಲ್ಕೇ ಗಂಟೆ, ಒತ್ತಡದ ಗೆರೆ ಕೆಂಪು ಎಂದು ಕಂಡಾಗಲೆಲ್ಲ ಬೆಳಿಗ್ಗೆಯೇ ಫೋನ್ ಮಾಡಿ ವಿಚಾರಿಸುತ್ತಿದ್ದಿರಿ. ಈಗ ಎಂಟು ದಿನಗಳಿಂದ ವಾಚಿನಿಂದ ಏನೂ ಬರುತ್ತಿಲ್ಲ, ಕೇಳಿದರೆ ಚಾರ್ಜ್ ಇಲ್ಲ ಎನ್ನುತ್ತಾನೆ. ಇಂಥ ಉಪಕರಣವನ್ನು ಎಷ್ಟು ನಂಬಬೇಕು ಎಂದು ಕೇಳಿದ್ದೀರಿ.

ವಾಚಿನ ಹಿಂಬದಿಯ ಹಸಿರು ಬೆಳಕು ಚರ್ಮದಡಿಯ ರಕ್ತದ ಏರಿಳಿತದಿಂದ ನಾಡಿಯನ್ನು ಎಣಿಸುತ್ತದೆ. ಕೈಯ ಅಲುಗಾಟವನ್ನೂ ನಾಡಿಯನ್ನೂ ನೋಡಿ ನಿದ್ದೆಯನ್ನು ಅಂದಾಜು ಮಾಡುತ್ತದೆ. ಅದು ತೋರಿಸುವ ಒತ್ತಡವಾದರೋ ಬಡಿತಗಳ ನಡುವಿನ ಅಂತರದಿಂದ ಕಟ್ಟಿದ ಊಹೆ. ಜ್ವರ, ಎರಡು ಲೋಟ ಚಹಾ, ಮೂರನೆಯ ಮಹಡಿಯ ಮೆಟ್ಟಿಲು, ಬಳ್ಳಾರಿಯ ಬೇಸಿಗೆಯ ಧಗೆ, ಯಾವುದರಿಂದಲೂ ಆ ಗೆರೆ ಏರಬಹುದು. ಅಲುಗಾಡದೆ ಮಲಗಿ ಚಾವಣಿ ನೋಡುತ್ತಿರುವ ಹುಡುಗನನ್ನು ನಿದ್ರಿಸುತ್ತಿದ್ದಾನೆಂದೇ ವಾಚು ಬರೆದುಕೊಳ್ಳಲೂಬಹುದು. ಆದ್ದರಿಂದ ಒಂದು ರಾತ್ರಿಯ ಅಂಕಿಗೆ ಬೆಲೆಯಿಲ್ಲ. ಆದರೆ ಎರಡು ಮೂರು ವಾರ ಸತತವಾಗಿ ನಿದ್ದೆ ಕುಗ್ಗಿದ್ದು ಕಂಡರೆ ಅದು ವೈದ್ಯರಿಗೆ ತೋರಿಸತಕ್ಕ ದಾಖಲೆ. ಖಿನ್ನತೆಯನ್ನು ಅಳೆಯಲು ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿಯೂ ಕಳೆದ ಎರಡು ವಾರಗಳ ಸ್ಥಿತಿಯನ್ನೇ ಕೇಳುತ್ತದೆ, ಮತ್ತು ನೊಂದವರಿಗೆ ಆ ದಿನಗಳು ಸರಿಯಾಗಿ ನೆನಪಿಲ್ಲದಿರಬಹುದು.

ಇನ್ನು ಚಾರ್ಜಿನ ಮಾತು. ದೋಷ ಬ್ಯಾಟರಿಯದೆಂದು ನನಗನ್ನಿಸುವುದಿಲ್ಲ. ಮಣಿಕಟ್ಟಿನ ಮೇಲೆ ಕೊಠಡಿ ಮೇಲ್ವಿಚಾರಕ ಕುಳಿತಂತಾದಾಗ ಯಾವ ಹುಡುಗನಾದರೂ ಅದನ್ನು ಬಿಚ್ಚಿಡುತ್ತಾನೆ. ಹದಿನೆಂಟರೊಳಗಿನವರ ವರ್ತನೆಯ ಮೇಲೆ ಕಂಪನಿಗಳು ಕಣ್ಣಿಡುವುದನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ನಿರ್ಬಂಧಿಸುತ್ತದೆ. ತಂದೆಗೆ ಆ ನಿರ್ಬಂಧವಿಲ್ಲವೆಂಬುದು ನಿಜ, ಆದರೆ ಮಗನಿಗೆ ಆಗುವ ಕಸಿವಿಸಿ ಒಂದೇ.

ಬಳ್ಳಾರಿಗೆ ಈ ವಿಷಯದಲ್ಲಿ ಹಳೆಯ ನಂಟಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯಬಹುದೇ ಎಂದು ಪರೀಕ್ಷಿಸಿದ್ದು ಇದೇ ಜಿಲ್ಲೆಯಲ್ಲಿ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆಗ ಕೆಲಸ ಮಾಡಿದ್ದು ಮನೆಗೆ ಬಂದು ಕುಳಿತು ಮಾತನಾಡಿಸಿದ ಕಾರ್ಯಕರ್ತರು. ಇಂದು ಅದಕ್ಕೆ ಫೋನೂ ಸೇರಿದೆ: 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆ ಮಗನ ಫೋನಿನಲ್ಲಿರಲಿ. ಕರೆ ಮಾಡಿದೆಯಾ ಎಂದು ಮಾತ್ರ ದಿನವೂ ಕೇಳಬೇಡಿ.

ಬದುಕು ಬೇಡವೆನ್ನುವ ಮಾತು ಅವನ ಬಾಯಿಂದ ಬಂದರೆ ಯಾವ ಅಂಕಿಗೂ ಕಾಯದೆ, ಅವನನ್ನು ಒಂಟಿಯಾಗಿ ಬಿಡದೆ, ಅಂದೇ ಮನೋವೈದ್ಯರ ಬಳಿ ಕರೆದೊಯ್ಯಿರಿ. ಹಾಗಿಲ್ಲದಿದ್ದರೆ ಬರುವ ಭಾನುವಾರ ಬಳ್ಳಾರಿಗೆ ಹೋಗಿ, ಊಟವಾದ ಮೇಲೆ ಅವನೆದುರಿಗೇ ತಮ್ಮ ಫೋನಿನಿಂದ ಆ ಆ್ಯಪನ್ನು ತೆಗೆದುಹಾಕಿ. ನಿದ್ದೆಯ ದಾಖಲೆಯನ್ನು ಯಾರಿಗೆ ತೋರಿಸಬೇಕೆಂಬುದನ್ನು ಅವನೇ ನಿರ್ಧರಿಸಲಿ. ಅವನಾಗಿ ಕೇಳದೆ ವಾಚಿನ ಚಾರ್ಜರನ್ನು ಒಯ್ಯುವುದು ಬೇಡ.

— ಸಂಪಾದಕ